ಗಾಜನೂರಿನಾಚೆ ಒಂದು ಎಕರೆ ಬ್ಯಾಣ: ನಾಯಿಗಳನ್ನು ಬಿಚ್ಚಿ ಆಡಿಸಲು ಕೊಡಬಹುದೇ?

ಗಾಜನೂರು ಬ್ಯಾಣ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ದಾಟಿದ ಮೇಲೆ, ನಮ್ಮ ಅಡಿಕೆ ತೋಟದ ಮೇಲ್ಭಾಗದಲ್ಲಿ ಸುಮಾರು ಒಂದು ಎಕರೆ ಬ್ಯಾಣವಿದೆ. ಹಿಂದೆ ದನ ಮೇಯುತ್ತಿದ್ದ ಜಾಗ. ಈಗ ಕೊಟ್ಟಿಗೆಯಲ್ಲಿ ಒಂದೇ ಹಸು ಉಳಿದಿರುವುದರಿಂದ ಹುಲ್ಲು ನಿಂತಲ್ಲೇ ಒಣಗುತ್ತದೆ. ಶಿವಮೊಗ್ಗದಲ್ಲಿರುವ ನನ್ನ ತಂಗಿಯ ಮನೆಯವರು ಬಿಡುವಿದ್ದಾಗ ತಮ್ಮ ಲ್ಯಾಬ್ರಡಾರ್ ನಾಯಿಯನ್ನು ಕರೆತಂದು ಅಲ್ಲಿ ಬೆಲ್ಟ್ ಬಿಚ್ಚಿ ಬಿಡುತ್ತಾರೆ. ಇದನ್ನು ತಿಳಿದ ಅವರ ಬಡಾವಣೆಯ ನಾಲ್ಕಾರು ಮನೆಯವರು, ತಮ್ಮ ನಾಯಿಗಳನ್ನೂ ಕರೆತರಬಹುದೇ, ಬೇಕಾದರೆ ಗಂಟೆಗೆ ಇಷ್ಟೆಂದು ಕೊಡುತ್ತೇವೆ ಎಂದು ಕೇಳುತ್ತಿದ್ದಾರೆ. ಅಮೆರಿಕದಲ್ಲಿ ಸ್ನಿಫ್‌ಸ್ಪಾಟ್ ಎಂಬ ಆ್ಯಪಿನ ಮೂಲಕ ಜನರು ತಮ್ಮ ಹಿತ್ತಲನ್ನೂ ಹೊಲವನ್ನೂ ನಾಯಿ ಸಾಕಿದವರಿಗೆ ಹೀಗೆ ಗಂಟೆಯ ಲೆಕ್ಕದಲ್ಲಿ ಕೊಡುತ್ತಾರೆಂದು ತಂಗಿಯ ಮಗ ತೋರಿಸಿದ. ನನಗೆ ಹಣದ ಆಸೆ ದೊಡ್ಡದೇನಿಲ್ಲ, ಆದರೆ ಬೇಲಿಯ ಖರ್ಚಾದರೂ ಹುಟ್ಟಬೇಕು. ಈಗ ಮೂರು ಕಡೆ ಹಳೆಯ ಮುಳ್ಳುತಂತಿ ಇದೆ, ನಾಲ್ಕನೆಯ ಕಡೆ ದರೆ, ಎಂದರೆ ಕಡಿದಾದ ಮಣ್ಣಿನ ಅಂಚು, ದರೆಯ ಕೆಳಗೆ ತೋಟ. ಹೀಗೆ ಜಾಗ ಕೊಡುವ ಮುನ್ನ ಏನೇನು ನೋಡಿಕೊಳ್ಳಬೇಕೆಂದು ಅನುಭವಸ್ಥರು ತಿಳಿಸಬೇಕಾಗಿ ಕೋರಿಕೆ.

ತುಂಗಾತೀರ, ತೀರ್ಥಹಳ್ಳಿ

ಮಲೆನಾಡಿನಲ್ಲಿ ನಾಯಿ ಓಡಾಡುವುದಕ್ಕೆ ದುಡ್ಡು ಕೊಟ್ಟು ಜಾಗ ಹುಡುಕುವ ಕಾಲ ಬಂತೆಂದರೆ ನಗಬೇಕೋ ಅಳಬೇಕೋ ತಿಳಿಯದು. ನಮ್ಮ ಕಡೆಯ ಮನೆಗಳಲ್ಲಿ ನಾಯಿ ರಾತ್ರಿ ತೋಟ ಕಾಯುತ್ತದೆ, ಹಗಲು ಜಗಲಿಯ ಕೆಳಗೆ ಮಲಗುತ್ತದೆ, ಅದಕ್ಕೆ ಬೆಲ್ಟೇ ಇರುವುದಿಲ್ಲ. ಚಿರತೆ ಹೊತ್ತೊಯ್ದರೆ ಇನ್ನೊಂದು ಮರಿ ತರುತ್ತೇವೆ. ಪೇಟೆಯವರ ಶೋಕಿಗೆ ಬೇಲಿ ಹಾಕಿ, ನಾಳೆ ಯಾರದೋ ನಾಯಿ ಯಾರನ್ನೋ ಕಚ್ಚಿತೆಂದು ಪಂಚಾಯಿತಿ ಕಟ್ಟೆ ಹತ್ತುವುದು ಯಾಕೆ ಮಾರಾಯ್ರೆ?

ವಿನೋಬನಗರ ನಿವಾಸಿ

ತಾವು ಹೇಳಿದ ಚಿರತೆಯ ಮಾತಿನಲ್ಲೇ ಬೇಲಿ ಏಕೆ ಬೇಕೆಂಬುದಕ್ಕೆ ಉತ್ತರವಿದೆ. ಹಳ್ಳಿಯ ಮನೆಯ ನಾಯಿಗೆ ಸ್ವಾತಂತ್ರ್ಯವಿದೆ, ಆಯುಸ್ಸಿಲ್ಲ; ಪೇಟೆಯ ನಾಯಿಗೆ ಆಯುಸ್ಸಿದೆ, ಕಾಲು ಚಾಚಿ ಓಡಲು ಮೂವತ್ತು ಅಡಿ ನೆಲವಿಲ್ಲ. ಶಿವಮೊಗ್ಗದ ಬಡಾವಣೆಗಳಲ್ಲಿ ಬೆಳಗಿನ ಜಾವ ನಾಯಿ ಹಿಡಿದು ಹೊರಟವರೆಲ್ಲ ಕೈಯಲ್ಲೊಂದು ಕೋಲು ಹಿಡಿದಿರುವುದನ್ನು ನೀವು ನೋಡಿರಬಹುದು. ಅದು ತಮ್ಮ ನಾಯಿಗಲ್ಲ, ಪ್ರತಿ ತಿರುವಿನಲ್ಲೂ ಎದುರಾಗುವ ಬೀದಿನಾಯಿಗಳ ಗುಂಪಿಗೆ. ಅರ್ಧ ಗಂಟೆ ಹೀಗೆ ಎಳೆದಾಡಿ ಮನೆಗೆ ತಂದ ನಾಯಿ ಉಳಿದ ಹೊತ್ತೆಲ್ಲ ಗ್ರಿಲ್ಲಿನ ಹಿಂದೆ ನಿಂತು ಬೊಗಳುತ್ತದೆ, ಕಟ್ಟಿದರೆ ಸರಪಳಿ ಕಡಿಯುತ್ತದೆ. ಸಾಕಿದವರಿಗೆ ಇದು ಶೋಕಿಯ ಪ್ರಶ್ನೆಯೂ ಅಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ, ಸದಾ ಕಟ್ಟಿ ಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಟ್ಟ ನಾಯಿಗೆ ತಕ್ಕಮಟ್ಟಿನ ವ್ಯಾಯಾಮ ಕೊಡದಿರುವುದನ್ನೂ ಹಿಂಸೆಯೆಂದೇ ಎಣಿಸಲಾಗಿದೆ.

ಜಾಗ ಕೊಡುವವರಿಗೆ ನನ್ನದೊಂದು ಮಾತು. ನಮಗೆ ಹುಲ್ಲುಹಾಸು, ಈಜುಕೊಳ, ಬಣ್ಣದ ಟೈರುಗಳು ಬೇಕಿಲ್ಲ. ನಾಯಿ ಎಷ್ಟು ದೂರ ಓಡಿದರೂ ಹೊರಗೆ ಹೋಗಲಾರದು ಎಂಬ ಭರವಸೆ ಇರುವ ಬೇಲಿ ಮತ್ತು ಆ ಹೊತ್ತಿನಲ್ಲಿ ಒಳಗೆ ಬೇರೆ ಯಾರ ನಾಯಿಯೂ ಇಲ್ಲ ಎಂಬ ಖಾತರಿ, ಇವೆರಡಕ್ಕೆ ನಾವು ಹಣ ಕೊಡುತ್ತೇವೆ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದು.

ಸಾಗರದ ಪಶುವೈದ್ಯೆ

ಒಂದು ಹೊತ್ತಿಗೆ ಒಂದೇ ಮನೆಯ ನಾಯಿ ಎಂಬ ನಿಯಮವನ್ನು ನಾನು ಪೂರ್ತಿಯಾಗಿ ಬೆಂಬಲಿಸುತ್ತೇನೆ. ಅದರಿಂದ ಜಗಳ, ಕಡಿತ, ಬೆದೆಯ ಗಲಾಟೆಗಳಲ್ಲಿ ಹೆಚ್ಚಿನವು ತಪ್ಪುತ್ತವೆ. ಆದರೆ ಅದರಿಂದ ರೋಗ ತಪ್ಪುತ್ತದೆಂದು ಭಾವಿಸಬಾರದು. ಪಾರ್ವೊ ವೈರಾಣು ರೋಗಪೀಡಿತ ನಾಯಿಯ ಮಲದ ಮೂಲಕ ಮಣ್ಣಿಗೆ ಬಿದ್ದರೆ ತಿಂಗಳುಗಟ್ಟಲೆ ಉಳಿಯಬಲ್ಲದು. ಸಿಮೆಂಟಿನ ನೆಲವನ್ನು ಬ್ಲೀಚಿಂಗ್ ಹಾಕಿ ತೊಳೆಯಬಹುದು, ಬ್ಯಾಣವನ್ನು ತೊಳೆಯಲಾಗದು. ಆದ್ದರಿಂದ ಲಸಿಕೆಯ ಸರಣಿ ಮುಗಿಯದ ಮರಿಗಳನ್ನು, ಎಂದರೆ ಸಾಮಾನ್ಯವಾಗಿ ನಾಲ್ಕು ತಿಂಗಳಿಗಿಂತ ಚಿಕ್ಕವನ್ನು, ಎಷ್ಟೇ ಮುದ್ದಾಗಿದ್ದರೂ ಒಳಗೆ ಬಿಡಬೇಡಿ. ದೊಡ್ಡ ನಾಯಿಗಳ ಲಸಿಕೆ ಪುಸ್ತಕವನ್ನು ನೀವೇ ಕಣ್ಣಾರೆ ನೋಡಿ. "ಹಾಕಿಸಿದ್ದೇವೆ" ಎಂಬ ಬಾಯಿಮಾತು ಸಾಲದು. ರೇಬೀಸ್ ಲಸಿಕೆಯ ದಿನಾಂಕ ಒಂದು ವರ್ಷದೊಳಗಿನದಾಗಿರಬೇಕು, ಡಿಸ್ಟೆಂಪರ್ ಮತ್ತು ಪಾರ್ವೊ ಇರುವ ಸಂಯುಕ್ತ ಲಸಿಕೆಯೂ ಆಗಿರಬೇಕು.

ನಮ್ಮ ಸೀಮೆಗೆ ವಿಶೇಷವಾದದ್ದು ಲೆಪ್ಟೊಸ್ಪೈರಾ, ಜನ ಇಲಿಜ್ವರ ಎನ್ನುವುದು. ಇಲಿಗಳ ಮೂತ್ರ ಸೇರಿದ ನಿಂತ ನೀರಿನಿಂದ ಅದು ನಾಯಿಗೂ ಮನುಷ್ಯನಿಗೂ ಬರುತ್ತದೆ. ಅಡಿಕೆ ತೋಟದ ಬಸಿಗಾಲುವೆ, ಗದ್ದೆಯ ಬದುವಿನ ಹೊಂಡ, ತೆಂಗಿನ ಬುಡದ ಗುಂಡಿ, ಇವೆಲ್ಲವೂ ಅದಕ್ಕೆ ಹೇಳಿ ಮಾಡಿಸಿದ ತಾಣಗಳು, ಲ್ಯಾಬ್ರಡಾರ್ ನಾಯಿಗಳಿಗಂತೂ ಇಂಥ ನೀರು ಕಂಡರೆ ತಡೆಯಲಾಗದು. ಇಲಿಜ್ವರದ ಲಸಿಕೆಯನ್ನು ನಾಯಿಗೆ ಪ್ರತಿ ವರ್ಷ ಹಾಕಿಸಬೇಕು. ಜಾಗ ಕೊಡುವವರು ಮಾಡಬಹುದಾದ ಕೆಲಸವೆಂದರೆ ನಾಯಿಗಳು ನಿಂತ ನೀರಿಗೆ ಇಳಿಯದಂತೆ ನೋಡಿಕೊಂಡು, ಕುಡಿಯಲು ಬಾವಿಯ ನೀರನ್ನು ಬಕೆಟ್ಟಿನಲ್ಲಿ ಇಡುವುದು. ಹರಿಯುವ ಹಳ್ಳವಾದರೂ ಅಪಾಯವಿಲ್ಲದ್ದೇನಲ್ಲ: ನೀರು ಕುಡಿಯುವಾಗ ಮೂಗಿನೊಳಕ್ಕೆ ಹೊಕ್ಕ ಉಂಬಳ (ಜಿಗಣೆ) ವಾರಗಟ್ಟಲೆ ಅಲ್ಲೇ ಕುಳಿತು ರಕ್ತ ಹೀರುತ್ತದೆ. ನಾಯಿ ಪದೇ ಪದೇ ಸೀನುತ್ತಿದ್ದು, ಒಂದೇ ಹೊಳ್ಳೆಯಿಂದ ರಕ್ತ ತೊಟ್ಟಿಕ್ಕುತ್ತಿದ್ದರೆ ಮೊದಲು ಉಂಬಳವನ್ನೇ ಶಂಕಿಸಬೇಕು. ನೀರು ಕೊಡದೆ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ತಣ್ಣೀರಿನ ಪಾತ್ರೆಯನ್ನು ಮೂತಿಯ ಹತ್ತಿರ ಹಿಡಿದರೆ ಉಂಬಳ ತಾನೇ ತಲೆ ಹೊರಗೆ ಚಾಚುತ್ತದೆ. ಆಗ ಬಟ್ಟೆಯಿಂದ ಹಿಡಿದು ಮೆಲ್ಲಗೆ ತೆಗೆಯಬಹುದು. ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರನ್ನು ಮೂಗಿಗೆ ಹಾಕುವ ಸಾಹಸ ದಯವಿಟ್ಟು ಬೇಡ.

ಇನ್ನು ಉಣುಗು, ಎಂದರೆ ಉಣ್ಣೆಹುಳು. ಮನುಷ್ಯರಿಗೆ ಮಂಗನ ಕಾಯಿಲೆ ಹರಡುವುದು ಇದರ ಕಡಿತದಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾಯಿತೆಂಬುದು ಇಲ್ಲಿನ ಎಲ್ಲರಿಗೂ ಗೊತ್ತು. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಒಣ ತರಗೆಲೆಯಲ್ಲಿರುವ ಎಳೆಯ ಉಣುಗುಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ನಾಯಿಗೆ ಆ ಕಾಯಿಲೆ ಬರುತ್ತದೆಂಬುದಕ್ಕಿಂತ, ನಾಯಿ ಅವನ್ನು ಮೈಮೇಲೆ ಹೊತ್ತು ಕಾರಿನ ಸೀಟಿಗೂ ಮಕ್ಕಳ ಹಾಸಿಗೆಗೂ ತಲುಪಿಸುತ್ತದೆಂಬುದು ಇಲ್ಲಿನ ಚಿಂತೆ. ಬ್ಯಾಣದ ಅಂಚು ಕಾಡಿಗೆ ತಾಗಿದ್ದರೆ ಬೇಲಿಯ ಒಳಗಡೆ ಹತ್ತು ಹದಿನೈದು ಅಡಿ ತರಗು ಗುಡಿಸಿ, ಹುಲ್ಲು ಕೊಯ್ದು ಬೋಳು ಮಾಡಿರಿ. ಸುತ್ತಮುತ್ತ ಮಂಗ ಸತ್ತ ಸುದ್ದಿ ಬಂದರೆ ಆ ಋತು ಮುಗಿಯುವವರೆಗೆ ಗೇಟಿಗೆ ಬೀಗ ಹಾಕಿರಿ, ಚರ್ಚೆಯೇ ಬೇಡ.

ಹೊಸನಗರದ ಅಡಿಕೆ ಬೆಳೆಗಾರ

ಮೇಡಂ ರೋಗದ ಬಗ್ಗೆ ಹೇಳಿದರು, ನಾನು ವಿಷದ ಬಗ್ಗೆ ಹೇಳುತ್ತೇನೆ. ದರೆಯ ಕೆಳಗೆ ತೋಟವಿದೆ ಎಂದಿದ್ದೀರಿ. ನಾಯಿ ದರೆ ಹಾರಿ ತೋಟಕ್ಕೆ ಇಳಿದರೆ ಏನೇನಿದೆ ನೋಡಿ. ಮರದ ಬುಡಕ್ಕೆ ಗೊಬ್ಬರವಾಗಿ ಹಾಕುವ ಹರಳಿಂಡಿ (ಹರಳುಬೀಜದ ಹಿಂಡಿ) ಎಲ್ಲಕ್ಕಿಂತ ಕೆಟ್ಟದ್ದು. ಅದರಲ್ಲಿ ರೈಸಿನ್ ಎಂಬ ವಿಷ ಉಳಿದಿರುತ್ತದೆ. ಅದರ ವಾಸನೆಗೆ ನಾಯಿಗಳು ಮುಗಿಬೀಳುತ್ತವೆ, ಮೂಳೆಪುಡಿ ಬೆರೆಸಿದ್ದರೆ ಕೇಳುವುದೇ ಬೇಡ. ತಿಂದ ತಕ್ಷಣ ಏನೂ ಆಗುವುದಿಲ್ಲ, ನಾಯಿ ಸಂತೋಷವಾಗಿ ಮನೆಗೆ ಹೋಗುತ್ತದೆ. ರಾತ್ರಿ ವಾಂತಿ, ಬೆಳಿಗ್ಗೆ ರಕ್ತಭೇದಿ. ಅದಕ್ಕೆ ಪ್ರತಿವಿಷವಿಲ್ಲ. ನಮ್ಮ ಮನೆಯ ಒಳ್ಳೆಯ ನಾಯಿಯೊಂದು ಹೀಗೆಯೇ ಹೋಯಿತು. ಬುಡ ಬಿಡಿಸಿ ಹಿಂಡಿ ಹಾಕಿ ಮಣ್ಣು ಮುಚ್ಚಿದ್ದರೂ ಅದು ಕಾಲಿನಿಂದ ಕೆದಕಿ ತೆಗೆದಿತ್ತು, ಮೂತಿಯ ಮೇಲೆ ಕಂದು ಹಿಟ್ಟು ಮೆತ್ತಿಕೊಂಡಿತ್ತು.

ಎರಡನೆಯದು ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಹಾಕುವ ಶೇ. 1ರ ದ್ರಾವಣ ತೋಟದ ಗಿಡ, ಹುಲ್ಲು, ಬಸಿಗಾಲುವೆಯ ನೀರಿನ ಮೇಲೆಲ್ಲ ಬೀಳುತ್ತದೆ. ನಾಯಿ ಮೈ ನೆಕ್ಕಿಕೊಳ್ಳುವ ಪ್ರಾಣಿ. ಮಳೆಗಾಲದ ಮುಂಚೆ ಒಂದು ಸುತ್ತು, ನಡುವೆ ಇನ್ನೊಂದು ಸುತ್ತು ಔಷಧಿ ಹೊಡೆಯುವ ವಾರಗಳಲ್ಲಿ, ನಿಮ್ಮ ತೋಟಕ್ಕಷ್ಟೇ ಅಲ್ಲ, ಪಕ್ಕದವರ ತೋಟಕ್ಕೆ ಹೊಡೆಯುವಾಗಲೂ ಜಾಗ ಕೊಡಬೇಡಿ, ಗಾಳಿಗೆ ಬೇಲಿಯಿಲ್ಲ.

ಮೂರನೆಯದು ಅಡಿಕೆಯೇ. ಅಡಿಕೆಯಲ್ಲಿರುವ ಅರೆಕೊಲಿನ್ ಅಂಶವನ್ನು ಒಂದು ಕಾಲದಲ್ಲಿ ನಾಯಿಗಳ ಹೊಟ್ಟೆಯ ಲಾಡಿಹುಳು ಬೀಳಿಸಲು ಔಷಧವಾಗಿ ಕೊಡುತ್ತಿದ್ದರು. ಹುಳು ಬೀಳಿಸುವ ವಸ್ತು ಅಳತೆ ಮೀರಿದರೆ ನಾಯಿಯನ್ನೂ ಬೀಳಿಸುತ್ತದೆ: ಜೊಲ್ಲು, ವಾಂತಿ, ಭೇದಿ. ಸುಲಿಯುವ ಕಾಲದಲ್ಲಿ ಅಂಗಳ, ಅಟ್ಟ, ಅಡಿಕೆ ಬೇಯಿಸಿದ ಚೊಗರಿನ ಹಂಡೆಗಳ ಕಡೆಗೆ ನಾಯಿಗೆ ದಾರಿ ಇರಬಾರದು.

ನನ್ನ ಅಭಿಪ್ರಾಯ ಸ್ಪಷ್ಟ. ಬ್ಯಾಣ ಕೊಡಿ, ತೋಟ ಕೊಡಬೇಡಿ. ದರೆಯ ಮೇಲೆ ಬೇಲಿ ಆಗುವವರೆಗೆ ಬ್ಯಾಣವನ್ನೂ ಕೊಡಬೇಡಿ.

ವಕೀಲರು, ಶಿವಮೊಗ್ಗ

ಕಾನೂನಿನ ವಿಷಯದಲ್ಲಿ ಮೊದಲು ಪಹಣಿ ತೆಗೆದು ನೋಡಿ. ಮಲೆನಾಡಿನಲ್ಲಿ "ನಮ್ಮ ಬ್ಯಾಣ", "ನಮ್ಮ ಬೆಟ್ಟ" ಎಂದು ತಲೆಮಾರುಗಳಿಂದ ಹೇಳುವ ಎಲ್ಲ ಜಾಗವೂ ಹೇಳುವವರ ಸ್ವಂತದ್ದಾಗಿರುವುದಿಲ್ಲ. ಸೊಪ್ಪಿನಬೆಟ್ಟವಾದರೆ ನಿಮಗಿರುವುದು ಸೊಪ್ಪು, ತರಗು ತರುವಂಥ ಸವಲತ್ತು ಮಾತ್ರ. ಅದಕ್ಕೆ ಬೇಲಿ ಹಾಕಿ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಪಡೆಯುವ ಹಕ್ಕಿಲ್ಲ. ಗೋಮಾಳ ಅಥವಾ ಅರ್ಜಿ ಇತ್ಯರ್ಥವಾಗದ ಬಗರ್‌ಹುಕುಂ ಜಾಗವಾದರೂ ಕೈ ಹಾಕಬೇಡಿ. ನಿಮ್ಮ ಹೆಸರಿನ ಖುಷ್ಕಿಯೇ ಆಗಿದ್ದರೆ, ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸುವ ಬಗ್ಗೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಇದೆ. ಪರಿಚಯದವರು ಬಂದು ಹುಲ್ಲಿನ ಮೇಲೆ ನಾಯಿ ಆಡಿಸಿಕೊಂಡು ಹೋಗುವುದು ಒಂದು ಮಾತು. ಬೋರ್ಡು ಹಾಕಿ, ಶೆಡ್ಡು ಕಟ್ಟಿ, ವ್ಯಾಪಾರವಾಗಿ ನಡೆಸುವುದು ಇನ್ನೊಂದು ಮಾತು. ಎರಡನೆಯದರ ಕಡೆಗೆ ಹೋಗುವ ಯೋಚನೆಯಿದ್ದರೆ ಭೂ ಪರಿವರ್ತನೆಯನ್ನೂ ಗ್ರಾಮ ಪಂಚಾಯಿತಿಯ ಪರವಾನಗಿಯನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಕಚ್ಚಿದರೆ ಯಾರು ಹೊಣೆ ಎಂಬುದು ತುಂಗಾತೀರ ಅವರ ಪ್ರಶ್ನೆ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ತನ್ನ ಸ್ವಾಧೀನದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಥವಾ ತೀವ್ರ ಗಾಯಕ್ಕೆ ಎಡೆಯಾಗದಂತೆ ಎಚ್ಚರ ವಹಿಸದವನಿಗೆ ಆರು ತಿಂಗಳವರೆಗೆ ಸೆರೆ, ಐದು ಸಾವಿರ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ನಾಯಿ ಕರೆತಂದವರೇ ಅದರ ಸ್ವಾಧೀನದಾರರು. ಹಾಗೆಂದು ಜಾಗದ ಮಾಲೀಕರು ಪೂರ್ತಿ ಪಾರಾದರೆಂದು ತಿಳಿಯಬಾರದು. ಬೇಲಿ ಹರಿದಿರುವುದು ಗೊತ್ತಿದ್ದೂ ಸರಿಪಡಿಸದೆ, ಒಳಗೆ ತೆರೆದ ಬಾವಿ ಇರುವುದನ್ನು ಹೇಳದೆ ಹಣ ಪಡೆದರೆ ನಷ್ಟ ಪರಿಹಾರದ ದಾವೆಯಲ್ಲಿ ಅವರ ನಿರ್ಲಕ್ಷ್ಯವೂ ಲೆಕ್ಕಕ್ಕೆ ಬರುತ್ತದೆ. ಬಂದವರಿಂದ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುವುದು ಒಳ್ಳೆಯದು, ಆದರೆ ಆ ಸಹಿ ಸಹಿ ಮಾಡಿದವರನ್ನಷ್ಟೇ ಕಟ್ಟಿಹಾಕುತ್ತದೆ. ಪಕ್ಕದ ಮನೆಯ ಕೋಳಿಗೂ ದಾರಿಯಲ್ಲಿ ಹೋಗುವ ಹುಡುಗನಿಗೂ ಅದು ಅನ್ವಯಿಸುವುದಿಲ್ಲ.

ತುಂಗಾತೀರ, ತೀರ್ಥಹಳ್ಳಿ

ವಕೀಲರು ಕೋಳಿಯ ಮಾತು ತೆಗೆದದ್ದು ಒಳ್ಳೆಯದಾಯಿತು. ಜಿಂಕೆ, ಕಾಡುಕುರಿಗಳ ಮಾತನ್ನೂ ಸೇರಿಸಿಕೊಳ್ಳಿ. ಗಾಜನೂರಿನಿಂದ ಸಕ್ರೆಬೈಲು ಆನೆ ಬಿಡಾರ ಎಷ್ಟು ದೂರ, ಶೆಟ್ಟಿಹಳ್ಳಿ ಅಭಯಾರಣ್ಯ ಎಷ್ಟು ದೂರ? ನಾಯಿ ಬೇಲಿ ತಪ್ಪಿಸಿಕೊಂಡು ಕಾಡುಪ್ರಾಣಿಯನ್ನು ಅಟ್ಟಿಸಿಕೊಂಡು ಹೋದರೆ ಅರಣ್ಯದವರು ಬರುತ್ತಾರೆ. ಗಡಿಯಲ್ಲಿ ಹಂದಿಗೆಂದು ಕದ್ದು ಒಡ್ಡಿದ ಉರುಳಿಗೆ ಸಿಕ್ಕರೆ ನಾಯಿಯೇ ಬರುವುದಿಲ್ಲ.

ವಕೀಲರು, ಶಿವಮೊಗ್ಗ

ಸರಿಯಾಗಿಯೇ ಹೇಳಿದಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಕಾಡುಪ್ರಾಣಿಯನ್ನು ಅಟ್ಟುವುದೂ ಅದಕ್ಕೆ ಪ್ರಯತ್ನಿಸುವುದೂ ಸೇರುತ್ತವೆ.

ಸಾಗರದ ಪಶುವೈದ್ಯೆ

ಕಾಡಿನ ದೃಷ್ಟಿಯಿಂದ ಇನ್ನೊಂದು ಮಾತು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಹಲವಕ್ಕೆ ನಾಯಿಗಳ ಡಿಸ್ಟೆಂಪರ್ ವೈರಾಣು ತಗುಲಿರುವುದು ಕಂಡುಬಂತು. ಕಾಡಿನಂಚಿನಲ್ಲಿ ನಾಯಿ ಆಡಿಸುವವರಿಗೆ ಲಸಿಕೆ ಪುಸ್ತಕ ಕೇಳುವುದರಲ್ಲಿ ಮುಜುಗರ ಬೇಡವೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಹಾವಿನ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಸಿಗುವ ಹಾವಿನ ವಿಷದ ಚುಚ್ಚುಮದ್ದು ನಾಗರ, ಕಟ್ಟುಹಾವು, ಮಂಡಲದ ಹಾವು ಮತ್ತು ಗರಗಸ ಮಂಡಲಗಳ ವಿಷಕ್ಕೆ ತಯಾರಾದದ್ದು. ಮಲೆನಾಡಿನ ಗುಳಿಮಂಡಲಗಳಿಗೂ ಕಾಳಿಂಗಕ್ಕೂ ತಯಾರಾದದ್ದಲ್ಲ. ಅದು ಎಲ್ಲ ಪಶು ಆಸ್ಪತ್ರೆಗಳಲ್ಲಿ ಎಲ್ಲ ಹೊತ್ತಿನಲ್ಲೂ ಸಿಗುತ್ತದೆಂಬ ಭರವಸೆಯಲ್ಲಿ ಇರಬೇಡಿ. ನಿಮ್ಮಿಂದ ಹತ್ತಿರವೆಂದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು. ಅಲ್ಲಿ ಯಾವ ಹೊತ್ತಿನಲ್ಲಿ ಯಾರಿರುತ್ತಾರೆಂದು ಮೊದಲೇ ವಿಚಾರಿಸಿ, ಫೋನ್ ನಂಬರನ್ನು ಗೇಟಿನ ಮೇಲೆ ಬರೆಸಿಡಿ. ಮನುಷ್ಯರಿಗೆ ನಾಯಿ ಕಚ್ಚಿದರೆ, ಲಸಿಕೆಯಾದ ನಾಯಿಯೇ ಆಗಿದ್ದರೂ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಆದ್ದರಿಂದ ಬ್ಯಾಣದಲ್ಲಿ ಒಂದು ನಲ್ಲಿ, ಒಂದು ಸಾಬೂನು ಇರಲೇಬೇಕು.

ಭದ್ರಾವತಿಯ ನಾಯಿಪ್ರೇಮಿ

ಇಷ್ಟೆಲ್ಲ ಎಚ್ಚರಿಕೆ ಸರಿ, ಆದರೆ ಒಂದೊಂದೇ ಮನೆಯ ನಾಯಿಯನ್ನು ಬಿಟ್ಟರೆ ಅದು ಯಾರೊಡನೆ ಆಡಬೇಕು? ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಭಾನುವಾರ ನಾಯಿಗಳೆಲ್ಲ ಕಲೆತು ಆಡುವುದನ್ನು ನಾನು ನೋಡಿದ್ದೇನೆ. ನಾಯಿಗೆ ನಾಯಿಯ ಸಹವಾಸ ಬೇಡವೇ?

ವಿನೋಬನಗರ ನಿವಾಸಿ

ಬೇಕು, ಆದರೆ ಪರಿಚಯವಾದ ನಾಯಿಯ ಸಹವಾಸ. ಎರಡು ಮನೆಯವರು ಮೊದಲೇ ಮಾತಾಡಿಕೊಂಡು, ಹೊರಗೆ ರಸ್ತೆಯಲ್ಲಿ ಎರಡೂ ನಾಯಿಗಳನ್ನು ಬೆಲ್ಟಿನಲ್ಲೇ ಜೊತೆಯಾಗಿ ಸ್ವಲ್ಪ ದೂರ ನಡೆಸಿ, ಆಮೇಲೆ ಒಟ್ಟಿಗೆ ಒಳಗೆ ಬರಲಿ, ಅದಕ್ಕೆ ಯಾರ ತಕರಾರೂ ಇಲ್ಲ. ಇಲ್ಲಿ ತಪ್ಪಿಸಬೇಕಾದದ್ದು ಗೇಟಿನ ಬಾಯಿಯಲ್ಲಿ ನಡೆಯುವ ಮುಖಾಮುಖಿ. ಒಳಗಿನ ನಾಯಿ ಹೊರಡುವಾಗ ಹೊರಗಿನ ನಾಯಿ ಬಂತೆಂದರೆ, ಎರಡರ ಬೆಲ್ಟೂ ಬಿಗಿಯಾಗಿ, ಮಾಲೀಕರಿಬ್ಬರೂ ಗಾಬರಿಯಾಗಿ, ಅಲ್ಲೇ ಜಗಳ ಹುಟ್ಟುತ್ತದೆ. ಆದ್ದರಿಂದ ಒಬ್ಬರ ಹೊತ್ತಿಗೂ ಮತ್ತೊಬ್ಬರ ಹೊತ್ತಿಗೂ ನಡುವೆ ಕಾಲು ಗಂಟೆ ಖಾಲಿ ಬಿಡಿ, ಮತ್ತು ಗೇಟು ಒಂದರ ಹಿಂದೆ ಒಂದರಂತೆ ಎರಡು ಇರಲಿ: ಹೊರಗಿನದನ್ನು ಹಾಕಿ ಚಿಲಕ ಜಡಿದ ಮೇಲೆಯೇ ಒಳಗಿನದನ್ನು ತೆಗೆಯಬೇಕು. ನಡುವಿನ ಜಾಗ ದನದ ಕೊಟ್ಟಿಗೆಯ ಒಂದು ಅಂಕಣದಷ್ಟಿದ್ದರೆ ಸಾಕು.

ಬೇಲಿಗೆ ಮುಳ್ಳುತಂತಿ ಬೇಡವೇ ಬೇಡ. ವೇಗವಾಗಿ ಓಡುವ ನಾಯಿಗೆ ತಂತಿ ಕಾಣುವುದಿಲ್ಲ, ತೊಡೆಯ ಚರ್ಮ ಸೀಳುತ್ತದೆ. ಸೋಲಾರ್ ಬೇಲಿಯೂ ಬೇಡ. ಒಮ್ಮೆ ಶಾಕ್ ಹೊಡೆದರೆ ಕೆಲವು ನಾಯಿಗಳು ಆ ಜಾಗಕ್ಕೇ ಮತ್ತೆ ಕಾಲಿಡುವುದಿಲ್ಲ, ಇನ್ನು ಕೆಲವು ಗಾಬರಿಯಲ್ಲಿ ಬೇಲಿಯನ್ನೇ ಹಾರುತ್ತವೆ. ಚೈನ್‌ಲಿಂಕ್ ಜಾಲರಿ ಆರು ಅಡಿ ಎತ್ತರ ಇರಲಿ. ಐದು ಅಡಿ ಸಾಕೆನ್ನುವವರು ಮುಧೋಳ ನಾಯಿ ಕೋಳಿಯನ್ನು ಕಂಡಾಗ ಏನು ಮಾಡುತ್ತದೆಂದು ನೋಡಿರಲಿಕ್ಕಿಲ್ಲ. ಜಾಲರಿಯ ಬುಡ ಒಂದು ಅಡಿ ಮಣ್ಣಿನೊಳಗೆ ಹೋಗಲಿ, ಇಲ್ಲವೇ ಒಳಬದಿಯಲ್ಲಿ ಒಂದು ಸಾಲು ಕಲ್ಲು ಕೂರಿಸಿ. ಕೆದಕುವ ನಾಯಿಗೆ ಮಳೆಗಾಲದ ಮೆತ್ತನೆಯ ಮಣ್ಣು ಎಷ್ಟು ಹೊತ್ತಿನ ಕೆಲಸ?

ಗಾಜನೂರು ಬ್ಯಾಣ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ವಂದನೆಗಳು. ಪಹಣಿ ತೆಗೆಸಿ ನೋಡಿದೆ, ಬ್ಯಾಣದ ಸರ್ವೆ ನಂಬರು ನಮ್ಮ ತಂದೆಯವರ ಹೆಸರಿನ ಖುಷ್ಕಿ. ಪಕ್ಕದ ತೋಟದವರನ್ನೂ ಮಾತಾಡಿಸಿದೆ. ಅವರ ಮನೆಯಲ್ಲಿ ವಯಸ್ಸಾದ ಅಮ್ಮ ಇರುವುದರಿಂದ ಮಧ್ಯಾಹ್ನ ಬೊಗಳಾಟ ಬೇಡವೆಂದರು, ಔಷಧಿ ಹೊಡೆಯುವ ದಿನಗಳನ್ನು ಮುಂಚಿತವಾಗಿ ತಿಳಿಸಲು ಒಪ್ಪಿದರು. ಹೀಗಾಗಿ ಬೆಳಿಗ್ಗೆ ಏಳರಿಂದ ಹತ್ತು, ಸಂಜೆ ನಾಲ್ಕರಿಂದ ಐದೂವರೆ, ಇಷ್ಟೇ ಹೊತ್ತು. ಬೇಸಿಗೆಯ ಬಿಸಿಲಿಗೂ ಇದೇ ಅನುಕೂಲ, ಕತ್ತಲಾಗುವ ಮುನ್ನ ಎಲ್ಲರೂ ಹೊರಟಿದ್ದರೆ ಚಿರತೆಯ ಭಯವೂ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ತಿ ಮುಚ್ಚುತ್ತೇನೆ. ಉಣುಗಿನ ಕಾಲದಲ್ಲಿ ಪಶುವೈದ್ಯೆಯವರು ಹೇಳಿದಂತೆ ಸುದ್ದಿ ನೋಡಿಕೊಂಡು ನಡೆಸುತ್ತೇನೆ. ಅಂದರೆ ವರ್ಷದಲ್ಲಿ ಖಾತರಿಯಾಗಿ ಸಿಗುವುದು ಅಕ್ಟೋಬರ್, ನವೆಂಬರ್ ಮಾತ್ರ, ಉಳಿದದ್ದು ದೈವಚಿತ್ತ. ಇದರಿಂದ ಬೇಲಿಯ ಖರ್ಚು ಹುಟ್ಟಲು ಕೆಲವು ವರ್ಷಗಳೇ ಬೇಕೆಂದು ಮನೆಯವರು ಲೆಕ್ಕ ಹಾಕಿ ತೋರಿಸಿದ್ದಾರೆ, ಆದರೂ ದರೆಯ ಮೇಲಿನ ಬೇಲಿ ತೋಟಕ್ಕೆ ಹಂದಿ ಇಳಿಯುವುದನ್ನೂ ಸ್ವಲ್ಪ ತಡೆಯುವುದರಿಂದ ಹಾಕಿಸುವುದೆಂದು ತೀರ್ಮಾನವಾಗಿದೆ.

ಈಗ ಉಳಿದಿರುವುದು ಒಂದೇ ಪ್ರಶ್ನೆ. ದರೆಯ ಅಂಚಿನ ಮಣ್ಣು ಸಡಿಲ. ಅಲ್ಲಿ ಕಲ್ಲುಕಂಬ ನೆಡುವುದೋ, ಕಬ್ಬಿಣದ ಆ್ಯಂಗಲ್ ನೆಡುವುದೋ?

ಹೊಸನಗರದ ಅಡಿಕೆ ಬೆಳೆಗಾರ

ಕಲ್ಲುಕಂಬ. ಆ್ಯಂಗಲ್ ನಮ್ಮ ಮಳೆಗೆ ಬುಡದಲ್ಲೇ ತುಕ್ಕು ಹಿಡಿದು ಮುರಿಯುತ್ತದೆ. ಆದರೆ ಅಂಚಿಗೆ ನೆಡಬೇಡಿ, ನಾಲ್ಕೈದು ಅಡಿ ಒಳಗೆ ಸರಿದು ಗಟ್ಟಿ ಮಣ್ಣಿನಲ್ಲಿ ಎರಡು ಅಡಿ ಹೂಳಿ. ಅಷ್ಟು ಜಾಗ ಬಿಟ್ಟರೆ ದರೆ ಜರಿದರೂ ಬೇಲಿ ನಿಲ್ಲುತ್ತದೆ, ಆಚೆ ಬದಿಯ ಹುಲ್ಲನ್ನು ನೀವು ಕೊಯ್ದು ಹಸುವಿಗೆ ಹಾಕಬಹುದು.